ಹದಿನಾಲ್ಕನೇ ನಂಬರಿನ ಲವಣ

ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳೆಂದು ಮನೆಯಲ್ಲಿ ಅವಳಿಗೆ ಸಣ್ಣಿ ಎಂಬ ಹೆಸರು ಬಿದ್ದಿತ್ತು. ಈಗ ಹತ್ತೊಂಬತ್ತು ತುಂಬಿ, ಅಪ್ಪನಿಗಿಂತ ಒಂದು ಗೇಣು ಎತ್ತರವಾಗಿದ್ದರೂ ಹೆಸರು ಮಾತ್ರ ಬೆಳೆದಿರಲಿಲ್ಲ. ಕಾಲೇಜಿನಲ್ಲಿ ಅವಳಿಗೆ ಇನ್ನೊಂದು ಹೆಸರಿತ್ತು: ಸ್ಟೋರಪ್ಪನ ಮಗಳು.

ಸ್ಟೋರಪ್ಪ ಎಂದರೆ ಅವಳ ಅಪ್ಪ. ಅದೇ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೇಳು ವರ್ಷದಿಂದ ಅಟೆಂಡರ್. ಲ್ಯಾಬಿಗೆ ಅಂಟಿಕೊಂಡ ಸ್ಟೋರ್ ಕೋಣೆ ಅವನ ರಾಜ್ಯ. ಜಾಲರಿ ಹಾಕಿದ ಕಿಟಕಿಯ ಹಿಂದೆ ನಿಂತು ಬ್ಯೂರೆಟ್ಟು, ಪಿಪೆಟ್ಟು, ಗಾಜಿನ ನಳಿಕೆಗಳನ್ನು ಕೊಡುವುದು, ಪಾಠ ಮುಗಿದ ಮೇಲೆ ವಾಪಸು ಪಡೆಯುವುದು, ತೊಳೆದು ಬೋರಲು ಹಾಕುವುದು ಅವನ ಕೆಲಸ. ಓದಿದ್ದು ಒಂಬತ್ತನೆಯ ತರಗತಿ. ಆದರೂ ಚೀಟಿ ಉದುರಿಹೋದ ಬಾಟಲಿಯ ಮುಚ್ಚಳ ತೆಗೆದು, ಕೈಯಿಂದ ಒಮ್ಮೆ ಮೂಗಿನತ್ತ ಗಾಳಿ ಬೀಸಿಕೊಂಡರೆ ಸಾಕು, ಒಳಗೆ ಇರುವುದೇನೆಂದು ಹೇಳಿಬಿಡುತ್ತಿದ್ದ. ಹೊಸದಾಗಿ ಸೇರಿದ ಮೇಷ್ಟ್ರುಗಳು ಬಾಗಿಲು ಮುಂದೆ ಮಾಡಿಕೊಂಡು, ಯಾರಿಗೂ ಕೇಳದ ಹಾಗೆ, ಅವನ ಹತ್ತಿರ ಸಂಶಯ ಪರಿಹರಿಸಿಕೊಳ್ಳುತ್ತಿದ್ದರು.

ಮಗಳಿಗೆ ಅದೇ ಕಾಲೇಜಿನಲ್ಲಿ, ಅದೇ ವಿಭಾಗದಲ್ಲಿ ಸೀಟು ಸಿಕ್ಕಾಗ ಅಪ್ಪ ಕುಣಿದಾಡಲಿಲ್ಲ. ಮೊದಲ ದಿನ ಅವಳ ಸರದಿ ಬಂದಾಗ ಕಿಟಕಿಯಿಂದ ಒಂದು ಬ್ಯೂರೆಟ್ಟು ಚಾಚಿ, "ಇದರ ನಲ್ಲಿ ಸೋರಲ್ಲ" ಎಂದ, ಅಷ್ಟೇ. ಆದರೆ ಅಂದಿನಿಂದ ಕೆಲಸಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದ್ದನ್ನು ಮನೆಯವರೆಲ್ಲ ನೋಡಿದರು.

ಈಗ ಮೂರನೆಯ ಸೆಮಿಸ್ಟರ್. ಸಣ್ಣಿಗೆ ಸಾಕುಸಾಕಾಗಿತ್ತು.

ಯಾವುದೋ ಒಂದು ಪಾಠ ಕಷ್ಟವೆಂದಲ್ಲ, ಯಾರೋ ಒಬ್ಬರು ಬೈದರೆಂದಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಅಪ್ಪನ ಪಕ್ಕದಲ್ಲಿ ಕುಳಿತಾಗಲೇ ದಿನ ಮುಗಿದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತಿತ್ತು. ಲ್ಯಾಬಿನಲ್ಲಿ ನಾಲ್ಕು ಗಂಟೆ ನಿಂತರೆ ಹತ್ತು ನಿಮಿಷಕ್ಕೊಮ್ಮೆ ಗೋಡೆಯ ಗಡಿಯಾರ ನೋಡುತ್ತಿದ್ದಳು. ಪುಸ್ತಕ ತೆರೆದರೆ ಆಕಳಿಕೆ. ಲಿಖಿತ ಪರೀಕ್ಷೆಗಳಲ್ಲಿ ಏದುಸಿರು ಬಿಡುತ್ತಾ ದಡ ಸೇರುತ್ತಿದ್ದಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ಸದಾ ತರಗತಿಗೇ ಮುಂದು. "ರಕ್ತದಲ್ಲೇ ಬಂದಿದೆ ಬಿಡಿ" ಎಂದು ಮೇಷ್ಟ್ರುಗಳು ಕಿಟಕಿಯತ್ತ ನೋಡಿ ನಗುತ್ತಿದ್ದರು. ಆ ಒಂದು ಮಾತು ಅವಳನ್ನು ಕಟ್ಟಿಹಾಕಿತ್ತು. ಕೈಗೆ ಒಲಿದ ವಿದ್ಯೆಯನ್ನು ಬೇಜಾರು ಎಂಬ ಕಾರಣಕ್ಕೆ ಬಿಡುವುದು ಸೊಕ್ಕು ಎನ್ನಿಸುವುದಿಲ್ಲವೇ?

ಆ ಸೆಮಿಸ್ಟರಿನಲ್ಲಿ ಬೇರೆ ವಿಭಾಗದ ಒಂದು ವಿಷಯವನ್ನು ಎಲ್ಲರೂ ಓದಲೇಬೇಕಿತ್ತು. ಸಣ್ಣಿ ವೇಳಾಪಟ್ಟಿ ಹೊಂದುತ್ತದೆಂಬ ಒಂದೇ ಕಾರಣಕ್ಕೆ ಭೂಗೋಳ ತೆಗೆದುಕೊಂಡಿದ್ದಳು. ಅಲ್ಲಿನ ಮುಖ್ಯಸ್ಥೆ ಬಿಸಿಲಿರಲಿ ಇಲ್ಲದಿರಲಿ ಕೊಡೆಯಿಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲವಾಗಿ ಕೊಡೆ ಮೇಡಂ ಎಂದೇ ಹೆಸರಾಗಿದ್ದರು. ಒಂದು ದಿನ ಅವರು ಮಕ್ಕಳನ್ನೆಲ್ಲ ಕಾಲೇಜಿನ ಹಿಂದಿನ ರಸ್ತೆಗೆ ಅಟ್ಟಿ, "ಬಸ್‌ಸ್ಟಾಪಿನ ತನಕ ನಕ್ಷೆ ಬರ್ಕೊಂಡು ಬನ್ನಿ. ಅಳತೆ ಹೆಜ್ಜೆಯಲ್ಲಿರಲಿ" ಎಂದರು. ಸಣ್ಣಿ ಹೆಜ್ಜೆ ಎಣಿಸುತ್ತಾ ಹೊರಟಳು. ಚರಂಡಿ ಎಲ್ಲಿ ತಿರುಗುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಜನ ರಸ್ತೆ ದಾಟುವುದು ಬಿಳಿ ಪಟ್ಟೆಯ ಮೇಲಲ್ಲದೆ ಔಷಧದಂಗಡಿಯ ಎದುರಿಗೇ ಏಕೆ, ಎಲ್ಲವನ್ನೂ ಗುರುತು ಹಾಕಿಕೊಂಡಳು. ತಿರುಗಿ ಬಂದಾಗ ಮೂರು ಗಂಟೆ ಕಳೆದಿತ್ತು, ಉಳಿದವರೆಲ್ಲ ಮನೆಗೆ ಹೋಗಿಯಾಗಿತ್ತು. ಎಷ್ಟು ಹೊತ್ತಾಯಿತೆಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ ಎಂಬುದು ಮೆಟ್ಟಿಲು ಹತ್ತುವಾಗ ಅವಳಿಗೆ ಹೊಳೆಯಿತು.

ಮುಂದಿನ ಸೋಮವಾರ ಕಚೇರಿಗೆ ಹೋಗಿ ವಿಷಯ ಬದಲಾವಣೆಯ ಅರ್ಜಿ ತಂದಳು. ಒಂದೇ ಹಾಳೆ. ಪೋಷಕರ ಸಹಿ, ಈಗಿನ ವಿಭಾಗದ ಮುಖ್ಯಸ್ಥರ ಸಹಿ, ಹೊಸ ವಿಭಾಗದ ಮುಖ್ಯಸ್ಥರ ಸಹಿ. ಶುಕ್ರವಾರ ನಾಲ್ಕು ಗಂಟೆ ಕೊನೆ. "ಮೊದಲನೇ ವರ್ಷದವರ ಜೊತೆ ಕೂರ್ಬೇಕು, ಗೊತ್ತಲ್ಲ?" ಎಂದು ಗುಮಾಸ್ತೆ ಹಾಳೆಗೆ ತಾರೀಖಿನ ಮುದ್ರೆ ಒತ್ತುತ್ತಾ ತಲೆಯೆತ್ತದೆ ಹೇಳಿದಳು.

ಮನೆಯಲ್ಲಿ ಮೊದಲು ಹೇಳಿದ್ದು ಅಮ್ಮನಿಗೆ. ಅಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವವಳು. ಒದ್ದೆ ಬಟ್ಟೆ ಹರವುತ್ತಾ ಕೇಳಿಸಿಕೊಂಡಳು.

"ಬೇಜಾರು ಯಾರಿಗಾಗಲ್ಲ ಹೇಳು. ನಾನೇನು ಗುಂಡಿ ಹೊಲೀಬೇಕು ಅಂತ ಹರಕೆ ಹೊತ್ತು ಹುಟ್ಟಿದ್ನಾ?"

"ಅದಲ್ಲಮ್ಮ."

"ಮತ್ತೆ ಆ ಭೂಗೋಳ ಅಂದ್ರೆ ನಿನಗೆ ಅಷ್ಟೊಂದು ಇಷ್ಟಾನಾ?"

ಎಲ್ಲರೂ ಕೇಳುವುದು ಅದನ್ನೇ. ನಿನ್ನ ಆಸೆ ಏನು, ಕನಸು ಏನು. ಅವಳಿಗೆ ಅಂಥ ಕನಸೇನೂ ಬಿದ್ದಿರಲಿಲ್ಲ. "ಅಲ್ಲಿ ಸುಸ್ತಾಗಲ್ಲ" ಎಂದಳು.

"ಹಾಗಾದ್ರೆ ನಿಮ್ಮಪ್ಪಂಗೆ ನೀನೇ ಹೇಳು" ಎಂದು ಅಮ್ಮ ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಮಂಗಳವಾರವಿಡೀ ಅರ್ಜಿ ಪ್ರಯೋಗದ ಪುಸ್ತಕದೊಳಗೇ ಉಳಿಯಿತು.

ಬುಧವಾರ ಪ್ರಾಯೋಗಿಕ ಪರೀಕ್ಷೆ. ಪ್ರತಿಯೊಬ್ಬರಿಗೂ ಒಂದು ಗಾಜಿನ ನಳಿಕೆಯಲ್ಲಿ ಹೆಸರಿಲ್ಲದ ಲವಣ ಕೊಡುತ್ತಾರೆ, ಅದು ಏನೆಂದು ಒಂದೊಂದಾಗಿ ಪರೀಕ್ಷಿಸಿ ಹೇಳಬೇಕು. ಬಣ್ಣದ ಲವಣ ಸಿಕ್ಕವರು ಅರ್ಧ ಗೆದ್ದ ಹಾಗೆ. ನೀಲಿ ಕಂಡರೆ ತಾಮ್ರ, ಹಸಿರು ಕಂಡರೆ ನಿಕಲ್ಲು ಎಂದು ಊಹಿಸಿ ಮುಂದುವರಿಯಬಹುದು. ಬಿಳಿ ಪುಡಿ ಬಂದವರ ಪಾಡು ದೇವರಿಗೇ ಪ್ರೀತಿ.

ಸಣ್ಣಿಯ ನಂಬರು ಹದಿನಾಲ್ಕು. ಅವಳ ನಳಿಕೆಯಲ್ಲಿ ನೀಲಿ ಹರಳುಗಳಿದ್ದವು. ಪಕ್ಕದಲ್ಲಿ ನಿಂತಿದ್ದ ಹದಿನೈದನೇ ನಂಬರಿನವಳಿಗೆ, ದಪ್ಪ ಗಾಜಿನಿಂದಾಗಿ ಎಲ್ಲರೂ ಕನ್ನಡಕ ಎಂದು ಕರೆಯುತ್ತಿದ್ದ ಹುಡುಗಿಗೆ, ಬಿಳಿ ಪುಡಿ. ತರಗತಿಯಲ್ಲಿ ಯಾವ ಪ್ರಶ್ನೆ ಕೇಳಿದರೂ ಉತ್ತರಿಸುವ ಕನ್ನಡಕ ಒಂದೂವರೆ ಗಂಟೆಯಲ್ಲಿ ಇದ್ದಬದ್ದ ಪುಡಿಯನ್ನೆಲ್ಲ ಮುಗಿಸಿ, ಮೂಗು ಕೆಂಪು ಮಾಡಿಕೊಂಡು ನಿಂತಿದ್ದಳು.

"ಸ್ವಲ್ಪ ಪುಡಿ ಇಸ್ಕೊಂಡು ಬಾರೇ. ನಾನು ಹೋದ್ರೆ ಅಲ್ಲೇ ಅತ್ತುಬಿಡ್ತೀನಿ" ಎಂದಳು.

ಸಣ್ಣಿ ಕಿಟಕಿಯ ಹತ್ತಿರ ಹೋದಳು. ಅಪ್ಪ ಇರಲಿಲ್ಲ. ಗೇಟಿಗೆ ಆಸಿಡ್ಡಿನ ಡಬ್ಬಗಳು ಬಂದಿವೆ ಎಂದು ಇಳಿಸಿಕೊಳ್ಳಲು ಹೋಗಿದ್ದ. ಮೇಷ್ಟ್ರು ಮೂಲೆಯಿಂದಲೇ, "ನೀನೇ ಒಳಗೆ ಹೋಗಿ ತಗೋಮ್ಮ" ಎಂದರು. ಸ್ಟೋರಪ್ಪನ ಮಗಳಿಗೆ ಆ ಮಟ್ಟಿನ ಸಲುಗೆ ಇತ್ತು.

ಒಳಗೆ ಮೇಜಿನ ಮೇಲೆ ನಂಬರು ಅಂಟಿಸಿದ ಡಬ್ಬಿಗಳು. ಪಕ್ಕದಲ್ಲಿ ಅಪ್ಪ ಸೀಸದಕಡ್ಡಿಯಲ್ಲಿ ಬರೆದ ಪಟ್ಟಿ. ಚೀಟಿ ಎತ್ತಿ ಯಾರಿಗೆ ಯಾವ ಲವಣವೆಂದು ಗೊತ್ತುಮಾಡಿ, ಪಟ್ಟಿ ಬರೆದು ಮೇಷ್ಟ್ರಿಗೆ ಕೊಡುವುದು ಅಪ್ಪನ ಕೆಲಸವೆಂದು ಅವಳಿಗೆ ಗೊತ್ತಿತ್ತು. ಇದು ಅದರ ಕಚ್ಚಾ ಪ್ರತಿ. ಹದಿನೈದರ ಎದುರು ಏನಿದೆಯೆಂದು ನೋಡಬಾರದೆಂದುಕೊಳ್ಳುತ್ತಲೇ ಕಣ್ಣು ಹೋಯಿತು. ಹದಿನೈದರ ಎದುರು ತಾಮ್ರದ ಲವಣ ಎಂದು ಬರೆದು ಗೀಟು ಹಾಕಿ ಹೊಡೆದಿತ್ತು. ಮೇಲಿನ ಸಾಲಿನಲ್ಲಿ, ಹದಿನಾಲ್ಕರ ಎದುರು, ಸತುವಿನ ಲವಣ ಎಂದಿದ್ದುದಕ್ಕೆ ಗೀಟು. ಎರಡೂ ಅದಲುಬದಲಾಗಿದ್ದವು.

ಗೋಡೆಯ ಮೊಳೆಗೆ ಹಳೆಯ ಪಟ್ಟಿಗಳನ್ನು ಸಿಕ್ಕಿಸಿತ್ತು. ಅಪ್ಪ ಯಾವ ಕಾಗದವನ್ನೂ ಬಿಸಾಡುವವನಲ್ಲ. ಸಣ್ಣಿ ಅವನ್ನು ಒಂದೊಂದಾಗಿ ಎತ್ತಿ ನೋಡಿದಳು. ಆರು ಪರೀಕ್ಷೆ. ಒಂದರಲ್ಲಿ ಅದೃಷ್ಟವೇ ಅವಳಿಗೆ ಹಸಿರು ಲವಣ ಕೊಟ್ಟಿತ್ತು. ಉಳಿದ ಐದರಲ್ಲೂ ಹದಿನಾಲ್ಕರ ಎದುರು ಗೀಟು, ಕೆಳಗೆ ಇನ್ಯಾರದೋ ನಂಬರಿನ ಎದುರು ಇನ್ನೊಂದು ಗೀಟು.

ಅವಳು ಕನ್ನಡಕಳ ಪುಡಿಯನ್ನು ತಂದುಕೊಟ್ಟಳು. ತನ್ನ ಜಾಗಕ್ಕೆ ಬಂದು, ನೀಲಿ ಹರಳುಗಳನ್ನೂ ಅದುವರೆಗೆ ಮಾಡಿದ ದ್ರಾವಣವನ್ನೂ ತೊಟ್ಟಿಗೆ ಸುರಿದು ನಲ್ಲಿ ತಿರುಗಿಸಿದಳು. ಆಮೇಲೆ ಮೇಷ್ಟ್ರ ಹತ್ತಿರ ಹೋಗಿ, "ಸರ್, ನನ್ನದು ಚೆಲ್ಲಿಹೋಯ್ತು. ಬೇರೆ ಕೊಡಿ" ಎಂದಳು.

"ಅದನ್ನೇ ಇನ್ನೊಂಚೂರು ತಗೋ."

"ಬೇಡ ಸರ್, ಅದೇನು ಅಂತ ಗೊತ್ತಾಗ್ಬಿಟ್ಟಿದೆ. ಬೇರೇದು ಕೊಡಿ."

ಮೇಷ್ಟ್ರಿಗೆ ಇದು ಅತಿ ಪ್ರಾಮಾಣಿಕತೆ ಎನ್ನಿಸಿರಬೇಕು. ತಮ್ಮ ಕಪಾಟಿನಿಂದ ಒಂದು ಬಿಳಿ ಪುಡಿ ತೆಗೆದುಕೊಟ್ಟರು. ಉಳಿದಿದ್ದುದು ಒಂದು ಗಂಟೆ. ಸಣ್ಣಿ ಕಣ್ಣುಮುಚ್ಚಿ ಓಡಿದವಳಂತೆ ಪರೀಕ್ಷೆಗಳನ್ನು ಮುಗಿಸಿ, ಅಂದಾಜಿಗೆ ಏನೋ ಬರೆದಳು. ತಪ್ಪಾಯಿತು. ಕನ್ನಡಕಳದೂ ತಪ್ಪಾಯಿತು.

ಸಂಜೆ ಇಬ್ಬರೂ ಬಸ್ಸು ಹತ್ತಿದರು. ಅವಳು ನೀಲಿ ಹರಳು ಚೆಲ್ಲಿ ಬಿಳಿ ಪುಡಿ ಕೇಳಿ ಪಡೆದದ್ದು ಅಪ್ಪನಿಗೆ ಆಗಲೇ ತಿಳಿದುಹೋಗಿತ್ತು. ಮನೆಯ ನಿಲ್ದಾಣಕ್ಕೆ ಎರಡು ನಿಲ್ದಾಣ ಇರುವಾಗ ಸಣ್ಣಿಯೇ ಬಾಯಿಬಿಟ್ಟಳು.

"ಮೊಳೆಯಲ್ಲಿದ್ದ ಪಟ್ಟಿ ನೋಡಿದೆ."

ಅಪ್ಪ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕುಳಿತಿದ್ದ. ಆಸಿಡ್ಡು ತಾಗಿ ತಾಗಿ ಅವನ ಬೆರಳ ತುದಿಗಳಲ್ಲಿ ರೇಖೆಗಳೇ ಉಳಿದಿರಲಿಲ್ಲ.

"ಮೊದಲನೇ ಪರೀಕ್ಷೆ ದಿನ ನೀನು ತಿಂಡಿನೂ ತಿನ್ನದೆ ಬಸ್ ಹತ್ತಿದ್ದೆ" ಎಂದ. "ಒಂದೇ ಸಲ ಅಂದ್ಕೊಂಡೆ."

"ಆಮೇಲೆ?"

"ಆಮೇಲೆ ನೀನು ಗಡಿಯಾರ ನೋಡೋಕೆ ಶುರು ಮಾಡಿದೆ. ನಾನು ಕಿಟಕಿಯಿಂದ ನೋಡ್ತಿದ್ದೆ. ಬಿಳಿ ಪುಡಿ ಬಂದ್ರೆ ಇವಳು ಬಿಟ್ಟು ಹೋಗ್ತಾಳೆ ಅನ್ನಿಸ್ತು. ನೀಲಿಯೋ ಹಸಿರೋ ಸಿಕ್ಕಿದ್ರೆ ಇನ್ನೊಂದು ಸೆಮಿಸ್ಟರ್ ಇರ್ತಾಳೆ ಅಂತ."

"ಬೇರೆಯವರ ಮಕ್ಕಳಿಗೆ ಬಿಳಿ ಪುಡಿ ಹೋಯ್ತಲ್ಲಪ್ಪ."

"ಹೋಯ್ತು" ಎಂದ ಅಪ್ಪ.

ಇಬ್ಬರೂ ಇಳಿದು ನಡೆದರು. ಸಣ್ಣಿಗೆ ಕೋಪ ಬರಬೇಕಿತ್ತು. ಕೋಪ ಮಾಡಿಕೊಳ್ಳಲೂ ತ್ರಾಣ ಬೇಕಲ್ಲ. ಊಟಕ್ಕೆ ಕುಳಿತಾಗ ಅವಳ ತಲೆಯಲ್ಲಿ ಒಂದೇ ವಿಷಯ ಗಿರಕಿ ಹೊಡೆಯುತ್ತಿತ್ತು. ಕೈಗೆ ಒಲಿದ ವಿದ್ಯೆ ಎಂದುಕೊಂಡದ್ದೇ ಸುಳ್ಳಾದ ಮೇಲೆ, ಬಿಡುವುದು ಸುಲಭವಾಗಬೇಕಿತ್ತು. ಆಗಲಿಲ್ಲ. ಈಗ ಬಿಟ್ಟರೆ ಕೈಲಾಗದೆ ಬಿಟ್ಟ ಹಾಗೆ. ತನಗೆ ಅದು ಬರುವುದಿಲ್ಲವೋ, ಬೇಡವೋ? ಎರಡರಲ್ಲಿ ಯಾವುದೆಂದು ತಿಳಿಯದೆ ಸಹಿ ಹಾಕಿಸಿಕೊಂಡರೆ ಮುಂದೆ ಎಲ್ಲಿ ಹೋದರೂ ಈ ಪ್ರಶ್ನೆ ಬೆನ್ನು ಬಿಡುವುದಿಲ್ಲ ಎನ್ನಿಸಿತು.

ಗುರುವಾರ ಮಧ್ಯಾಹ್ನ ಲ್ಯಾಬು ಖಾಲಿಯಿತ್ತು. ಸಣ್ಣಿ ಕಿಟಕಿಯ ಮುಂದೆ ನಿಂತು, "ಅಪ್ಪ, ಒಂದು ಬಿಳಿ ಪುಡಿ ಕೊಡು. ಎಲ್ಲಕ್ಕಿಂತ ಸತಾಯಿಸೋದು" ಎಂದಳು.

ಅಪ್ಪ ಅವಳ ಮುಖ ನೋಡಿದ. ಏಣಿ ಹಾಕಿ ಮೇಲಿನ ಹಲಗೆಯಿಂದ ಒಂದು ಬಾಟಲಿ ತೆಗೆದು, ಚೀಟಿಗೆ ಕೈ ಅಡ್ಡ ಹಿಡಿದು, ಒಂದು ಚಮಚ ಪುಡಿ ನಳಿಕೆಗೆ ಹಾಕಿಕೊಟ್ಟ.

"ಈಗ ನೀನು ಹೊರಗೆ ಕೂತ್ಕೋ" ಎಂದಳು ಸಣ್ಣಿ.

"ಯಾಕೆ? ನಾನೇನೂ ಹೇಳಲ್ಲ."

"ನಿನ್ನ ಮುಖ ನೋಡಿದ್ರೆ ಗೊತ್ತಾಗಿಬಿಡುತ್ತೆ."

ಅಪ್ಪ ಸ್ಟೂಲು ಎತ್ತಿಕೊಂಡು ಮೊಗಸಾಲೆಗೆ ಹೋದ. ಸಣ್ಣಿ ಒಬ್ಬಳೇ ಉಳಿದಳು. ಅವಸರ ಮಾಡಲಿಲ್ಲ. ಪುಡಿಯನ್ನು ನೀರಿಗೆ ಹಾಕಿದಳು, ಕರಗಿತು. ಬೆಂಕಿಗೆ ಹಿಡಿದಳು, ಯಾವ ಬಣ್ಣವೂ ಏಳಲಿಲ್ಲ. ಮೊದಲ ಗುಂಪಿನ ಲೋಹಗಳ ಪರೀಕ್ಷೆ, ಇಲ್ಲ. ಎರಡನೆಯದು, ಇಲ್ಲ. ಮೂರು, ನಾಲ್ಕು, ಐದು. ಪ್ರತಿ ಸಲವೂ ತೊಳೆದು, ಕಾಯಿಸಿ, ಕಾದು, ಇಲ್ಲ ಎಂದು ಬರೆದುಕೊಂಡಳು. ಕಾಲು ಬದಲಿಸಿ ನಿಂತಳು. ಕೊನೆಯ ಗುಂಪಿಗೆ ಬಂದಾಗ ಎರಡೂವರೆ ಗಂಟೆ ಕಳೆದಿತ್ತು. ದ್ರಾವಣ ತಿಳಿಯಾಗಿಯೇ ಇತ್ತು. ಗಾಜಿನ ಕಡ್ಡಿಯಿಂದ ನಳಿಕೆಯ ಒಳಮೈಯನ್ನು ಮೆಲ್ಲಗೆ ಗೀರುತ್ತಾ ನಿಂತಳು. ಸ್ವಲ್ಪ ಹೊತ್ತಿಗೆ ಗೀರಿದ ಜಾಗದಲ್ಲಿ ಬಿಳಿಯ ಸಣ್ಣ ಹರಳು ಕಟ್ಟತೊಡಗಿತು. ಮೆಗ್ನೀಷಿಯಂ. ಅದರ ಜೋಡಿ ಸಲ್ಫೇಟೆಂದು ಮೊದಲೇ ಗೊತ್ತಾಗಿತ್ತು.

ಹೊರಗೆ ಹೋಗಿ ಹೇಳಿದಳು. ಅಪ್ಪ ಸ್ಟೂಲಿನಿಂದ ಎದ್ದೇಬಿಟ್ಟ.

"ಅದೇ! ಕೊನೇ ಗುಂಪು. ಎಂಥೆಂಥವರು ಅಲ್ಲಿಗೆ ಮುಟ್ಟೋದೇ ಇಲ್ಲ, ಗೊತ್ತಾ? ನಿನಗೆ ಬರುತ್ತಮ್ಮ. ನಾನೇ ಸುಮ್ಮನೆ ಹೆದರಿದ್ದೆ. ನಾನು ಕೈ ಹಾಕೋ ಅಗತ್ಯನೇ ಇರಲಿಲ್ಲ."

ಅವನ ಮುಖದಲ್ಲಿ ಅಷ್ಟು ಬೆಳಕು ಅವಳು ನೋಡಿ ಬಹಳ ದಿನಗಳಾಗಿದ್ದವು. ಸಣ್ಣಿ ತನ್ನೊಳಗೆ ತಡಕಿದಳು. ಸಂತೋಷ, ಹೆಮ್ಮೆ, ಕೊನೆಗೆ ಸಮಾಧಾನವಾದರೂ. ಮೂರು ಗಂಟೆ ನಿಂತ ಕಾಲಿನ ನೋವು ಬಿಟ್ಟು ಬೇರೇನೂ ಸಿಗಲಿಲ್ಲ. ಸರಿ ಉತ್ತರ ಬಂದ ಮೇಲೂ ಏನೂ ಅನ್ನಿಸದಿದ್ದರೆ ಇನ್ನು ಯಾವುದಕ್ಕಾಗಿ ಕಾಯಬೇಕು?

"ಬರುತ್ತೆ ಅಪ್ಪ" ಎಂದಳು. "ಬೇಡ."

ಅಪ್ಪ ಮತ್ತೆ ಸ್ಟೂಲಿನ ಮೇಲೆ ಕುಳಿತ. ಅವಳು ಅರ್ಜಿ ತೆಗೆದು ಅವನ ತೊಡೆಯ ಮೇಲಿಟ್ಟಳು. ಮೊಗಸಾಲೆಯಲ್ಲಿ ಯಾರೋ ಕಸ ಗುಡಿಸುತ್ತಾ ಬಂದು ಅವನ ಕಾಲು ಎತ್ತಿಸಿ ಗುಡಿಸಿಕೊಂಡು ಹೋದರು.

"ನಾನು ಇಲ್ಲಿ ಕೆಲಸಕ್ಕೆ ಸೇರಿದ್ದು ಬೇರೆ ಕಡೆ ಸಿಗಲಿಲ್ಲ ಅಂತ" ಎಂದ ಅಪ್ಪ. "ಆಮೇಲೆ ಹಿಡಿಸ್ತು. ನಿನಗೂ ಹಾಗೇ ಆಗುತ್ತೆ ಅಂದ್ಕೊಂಡಿದ್ದೆ."

"ಎಷ್ಟು ವರ್ಷ ಆದ್ಮೇಲೆ ಹಿಡಿಸ್ತು?"

ಅಪ್ಪ ಯೋಚಿಸಿದ. "ಮೊದಲನೇ ವಾರವೇ" ಎಂದು, ಹೇಳಿದ ಮೇಲೆ ತಾನೇ ಬೆಪ್ಪಾದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಮಡಿಲಲ್ಲೇ ಇಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ.

ಶುಕ್ರವಾರ ಬೆಳಿಗ್ಗೆ ಮುಖ್ಯಸ್ಥರ ಕೋಣೆಗೆ ಅಪ್ಪ ಅವಳಿಗಿಂತ ಮೊದಲು ಹೋದ. ಕೈಯಲ್ಲಿ ಮೊಳೆಯಿಂದ ತೆಗೆದ ಪಟ್ಟಿಗಳಿದ್ದವು. ಸಣ್ಣಿ ಹೊರಗಿನ ಬೆಂಚಿನ ಮೇಲೆ ಕಾದಳು. ಬಾಗಿಲು ಮುಚ್ಚಿತ್ತು, ಮಾತು ಕೇಳಿಸಲಿಲ್ಲ. ಅರ್ಧ ಗಂಟೆಯ ಮೇಲೆ ಅಪ್ಪ ಹೊರಬಂದು ಅವಳ ಕಡೆ ನೋಡದೆ ಸ್ಟೋರಿಗೆ ನಡೆದ. ಒಳಗೆ ಮುಖ್ಯಸ್ಥರು ಪಟ್ಟಿಗಳನ್ನು ಮುಂದಿಟ್ಟುಕೊಂಡು ಹಣೆ ಒತ್ತಿಕೊಳ್ಳುತ್ತಿದ್ದರು.

"ನಿಮ್ಮಪ್ಪನಿಗೆ ನೋಟೀಸ್ ಕೊಡ್ಬೇಕು. ಇಪ್ಪತ್ತೇಳು ವರ್ಷದಲ್ಲಿ ಇದೇ ಮೊದಲು. ನನಗೆ ಇದರಲ್ಲಿ ಖುಷಿ ಇಲ್ಲ" ಎಂದರು. "ಹದಿನೈದನೇ ನಂಬರಿಗೆ ಮತ್ತೆ ಪರೀಕ್ಷೆ ಮಾಡ್ತೀವಿ. ಹಳೇ ಸೆಮಿಸ್ಟರಿನದ್ದು ಕೈ ಮೀರಿದೆ." ಅರ್ಜಿಯನ್ನು ಹತ್ತಿರಕ್ಕೆಳೆದುಕೊಂಡರು. "ಇದಕ್ಕೇ ಬಿಡ್ತಿದೀಯಾ?"

"ಇಲ್ಲ ಸರ್. ಅರ್ಜಿ ಸೋಮವಾರವೇ ತಂದಿದ್ದೆ."

ಅವರು ತಾರೀಖಿನ ಮುದ್ರೆ ನೋಡಿ ಸಹಿ ಮಾಡಿದರು.

ಕೊಡೆ ಮೇಡಂ ಊಟದ ಡಬ್ಬಿ ತೆರೆದು ಕುಳಿತಿದ್ದರು. "ಯಾಕೆ ಬರ್ತಿದೀಯ ನಮ್ಮ ಕಡೆಗೆ?"

ಸಣ್ಣಿಗೆ ಒಳ್ಳೆಯ ಉತ್ತರ ಹುಡುಕುವ ಶಕ್ತಿ ಉಳಿದಿರಲಿಲ್ಲ. "ಆವತ್ತು ನಕ್ಷೆ ಬರೆಯೋವಾಗ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ ಮೇಡಂ. ಅಷ್ಟೇ ಕಾರಣ."

"ನಮ್ಮಲ್ಲೂ ಬೇಜಾರಿನ ಪಾಠ ಬೇಕಾದಷ್ಟಿವೆ. ಹವಾಮಾನದ ಅಂಕಿಅಂಶ ಅಂತ ಒಂದಿದೆ, ನನಗೇ ನಿದ್ದೆ ಬರುತ್ತೆ."

"ಇರಲಿ ಮೇಡಂ."

ಅವರು ಎಡಗೈಯಲ್ಲೇ ಸಹಿ ಗೀಚಿ ಕಾಗದ ಹಿಂದಕ್ಕೆ ತಳ್ಳಿದರು. ಮೂರೂವರೆಗೆ ಗುಮಾಸ್ತೆ ಮುದ್ರೆ ಒತ್ತಿದಳು. ಸಣ್ಣಿ ಮನೆಗೆ ಹೋಗಿ ಬಟ್ಟೆಯೂ ಬದಲಿಸದೆ ಮಲಗಿ, ಮರುದಿನ ಬಿಸಿಲು ಮುಖಕ್ಕೆ ಬೀಳುವ ತನಕ ಎದ್ದಿರಲಿಲ್ಲ.

ಹೊಸ ಸೆಮಿಸ್ಟರು ಶುರುವಾಯಿತು. ತರಗತಿಯಲ್ಲಿ ಎಲ್ಲರೂ ಅವಳಿಗಿಂತ ಚಿಕ್ಕವರು, ಎರಡನೇ ದಿನದಿಂದಲೇ ಅಕ್ಕ ಎಂದು ಕರೆಯತೊಡಗಿದರು. ಕೊಡೆ ಮೇಡಂ ಹೇಳಿದ್ದು ಸುಳ್ಳಾಗಿರಲಿಲ್ಲ, ಅಂಕಿಅಂಶದ ಪಾಠದಲ್ಲಿ ನಿದ್ದೆ ತೂಗುತ್ತಿತ್ತು. ಸುಸ್ತೂ ಆಗುತ್ತಿತ್ತು. ಆದರೆ ಅದು ಸಂಜೆ ಆಗುತ್ತಿತ್ತು, ಬೆಳಿಗ್ಗೆಯಲ್ಲ. ಲ್ಯಾಬಿನಲ್ಲಿ ಚೀಟಿ ಎತ್ತುವ ಕೆಲಸ ಈಗ ಮೇಷ್ಟ್ರುಗಳದೇ. ಅಪ್ಪ ನೋಟೀಸು ತೆಗೆದುಕೊಂಡು ಕಿಟಕಿಯ ಹಿಂದೆಯೇ ಉಳಿದಿದ್ದ. ಬಸ್ಸಿನಲ್ಲಿ ಇಬ್ಬರೂ ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದರು. ಎಂದಾದರೊಮ್ಮೆ ಅಪ್ಪ, "ಇವತ್ತು ಎಷ್ಟು ಹೆಜ್ಜೆ ಎಣಿಸಿದೆ?" ಎಂದು ಕೇಳುತ್ತಿದ್ದ. ಅದರಲ್ಲಿ ಚುಚ್ಚು ಎಷ್ಟು, ಪ್ರೀತಿ ಎಷ್ಟು ಎಂದು ಅವಳು ಬಗೆಯಲು ಹೋಗುತ್ತಿರಲಿಲ್ಲ.

ಒಂದು ವಿಷಯ ಮಾತ್ರ ಒಳಗೇ ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಮೆಟ್ಟಿಲ ಹತ್ತಿರ ಕನ್ನಡಕ ಸಿಕ್ಕಳು. ಸಣ್ಣಿ ಅವಳನ್ನು ನಿಲ್ಲಿಸಿ, ನೀಲಿ ಲವಣದ ಕಥೆಯನ್ನೆಲ್ಲ ಹೇಳಿದಳು. ಕನ್ನಡಕ ಪೂರ್ತಿ ಕೇಳಿಸಿಕೊಂಡಳು.

"ಗೊತ್ತು. ನಿಮ್ಮಪ್ಪ ಆ ಶುಕ್ರವಾರವೇ ಬಂದು ಹೇಳಿದ್ರು. ಕೈ ಮುಗಿಯೋಕೆ ಬಂದ್ರು, ನಾನೇ ಬೇಡ ಅಂದೆ."

ಅಪ್ಪ ಇದನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. "ಮತ್ತೆ ನೀನ್ಯಾಕೆ ನನಗೆ ಹೇಳಲಿಲ್ಲ?" ಎಂದಳು ಸಣ್ಣಿ.

"ನೀನು ಬಂದು ಹೇಳ್ತೀಯೋ ಇಲ್ವೋ ನೋಡೋಣ ಅಂತ. ಎರಡೂವರೆ ತಿಂಗಳು ತಗೊಂಡೆ." ಕನ್ನಡಕ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ನನಗೇನೂ ಬರಲ್ಲ ಅಂತ ಆ ವಾರ ನಾನೂ ಬಿಟ್ಟುಬಿಡೋಣ ಅಂದ್ಕೊಂಡಿದ್ದೆ ಕಣೇ. ಕೋಪ ಇದೆ. ಇಷ್ಟು ಬೇಗ ಹೋಗಲ್ಲ."

"ಹೂಂ" ಎಂದಳು ಸಣ್ಣಿ.

"ನಾಳೆ ಊಟಕ್ಕೆ ಕ್ಯಾಂಟೀನಿಗೆ ಬರ್ತೀಯಾ?"

"ಬರ್ತೀನಿ."

ಕನ್ನಡಕ ಲ್ಯಾಬಿನ ಕಡೆ ಹೋದಳು. ಸಣ್ಣಿ ಎರಡು ಮಹಡಿ ಹತ್ತಿ ತರಗತಿಗೆ ಹೋಗಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕುಳಿತಳು. ಹಿಂದಿನ ಸಾಲಿನ ಹುಡುಗಿ ಬೆನ್ನು ತಟ್ಟಿ, "ಅಕ್ಕ, ಸ್ಕೇಲ್ ಇದೆಯಾ?" ಎಂದಳು. ಸಣ್ಣಿ ಚೀಲದಲ್ಲಿ ಕೈಯಾಡಿಸಿ, ಹುಡುಕಿ ಕೊಟ್ಟಳು.